ಎಂಜಿನ್ನಿಗೆ ಕಡಿವಾಣವೊ, ಸಂಕೋಲೆಯೊ?

ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರಗಳನ್ನು ವ್ಯಾಸಂಗ ಮಾಡುವ ನಮ್ಮಂಥವರ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರುಕಾರಿನ ಎಂಜಿನ್ನಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೆ: ಬಿಡುವಿನ ವೇಳೆಯಲ್ಲಿ ನಮ್ಮ ಕಾಲೇಜಿನ ವಾಹನಗಳ ನಿಲುಗಡೆಯ ಬಳಿ ಐದು ನಿಮಿಷ ನಿಂತು ಕೇಳಿರಿ. ಅಲ್ಲಿ ನಡೆಯುವ ಚರ್ಚೆಯಲ್ಲಿ ಪಂಪ ರನ್ನರಿಗಿಂತ ಸೈಲೆನ್ಸರು, ಏರ್ ಫಿಲ್ಟರುಗಳ ಹೆಸರೇ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಕಾರ್ಖಾನೆಯಿಂದ ಬಂದ ಭಾಗವನ್ನು ತೆಗೆದುಹಾಕಿ ಹೊರಗಡೆ ಮಾರುವ ಭಾಗವನ್ನು ಜೋಡಿಸಿಕೊಳ್ಳುವ ಹವ್ಯಾಸ ನಮ್ಮ ತರುಣರಲ್ಲಿ ಬೇರೂರಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಹಣ ಖರ್ಚಾಗುತ್ತಿರುವಾಗ, ಕೆಲವೊಮ್ಮೆ ಪ್ರಾಣವೂ ಅಪಾಯಕ್ಕೆ ಒಳಗಾಗುತ್ತಿರುವಾಗ, ಅದರ ಯುಕ್ತಾಯುಕ್ತತೆಯನ್ನು ವಿಚಾರಮಾಡುವುದು ಕಲಾ ವಿದ್ಯಾರ್ಥಿಗೂ ಅನುಚಿತವೇನಲ್ಲ.

ನಾನು ಎಲ್ಲ ಭಾಗಗಳ ಗೊಡವೆಗೂ ಹೋಗುವುದಿಲ್ಲ. ಎಂಜಿನ್ ಡ್ಯಾಂಪರು ಎಂಬ ಒಂದೇ ಒಂದು ಸಣ್ಣ ಸಾಧನವನ್ನು ಕುರಿತು ಮಾತ್ರ ಬರೆಯುತ್ತೇನೆ. ಅದನ್ನು ಒಂದು ಸ್ಪೋರ್ಟ್ಸ್ ಕಾರಿಗೆ ಜೋಡಿಸುವ ಕೆಲಸದಲ್ಲಿ ನಾನೂ ಕೈಯಿಟ್ಟಿದ್ದೆ. ಅಷ್ಟೇ ಅಲ್ಲ, ಒಂದು ತಪ್ಪಿಗೆ ಬಾಯಿ ಹಾಕಿ ಕಾರಣನೂ ಆಗಿದ್ದೆ. ಆ ತಪ್ಪಿನಿಂದ ಕಲಿತದ್ದೇ ಈ ಲೇಖನದ ಬಂಡವಾಳ.

ನನ್ನ ಸೋದರಮಾವನ ಹಿರಿಯ ಮಗ, ಎಂದರೆ ನಮ್ಮ ಭಾವ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡರು. ಪುಟ್ಟ ಕಾರು, ನಾಲ್ಕು ಸಿಲಿಂಡರಿನ, ಟರ್ಬೊ ಇರುವ ಎಂಜಿನ್ನು, ಅದು ಮುಂಭಾಗದಲ್ಲಿ ಅಡ್ಡಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಓಟಕ್ಕೇನೂ ಕೊರತೆ ಇರಲಿಲ್ಲ. ಆದರೆ ನಿಂತಲ್ಲಿಂದ ಜೋರಾಗಿ ಹೊರಟಾಗ ಮುಂಭಾಗದಲ್ಲಿ ‘ಧಡ್’ ಎಂದು ಒಂದು ಸದ್ದು. ಕಾಲು ತೆಗೆದಾಗ ಮತ್ತೊಂದು. ಬಾನೆಟ್ಟು ತೆರೆದು ಆಕ್ಸಿಲರೇಟರನ್ನು ಒತ್ತಿದರೆ ಎಂಜಿನ್ನು ನಿದ್ದೆಯಿಂದೆದ್ದ ಎಮ್ಮೆಯಂತೆ ಮೈಮುರಿದು ಹಿಂದಕ್ಕೆ ವಾಲುತ್ತಿತ್ತು. ಭಾವ ಅಲ್ಲಿ ಇಲ್ಲಿ ವಿಚಾರಿಸಿ, ಒಂದು ಡ್ಯಾಂಪರನ್ನು ತರಿಸಿ, ದಸರಾ ರಜೆಯಲ್ಲಿ ಅದನ್ನು ಜೋಡಿಸಲು ಊರಿಗೆ ಬಂದರು. ನೋಡಲು ಬೈಸಿಕಲ್ಲಿನ ಗಾಳಿಪಂಪಿಗಿಂತ ಚಿಕ್ಕದು. ಎರಡು ತುದಿಗೂ ಉಕ್ಕಿನ ಗುಂಡುಕೀಲು, ನಡುವೆ ನೀಲಿ ಬಣ್ಣದ ಹೊಳೆಯುವ ಕೊಳವೆ.

ಈ ಸಾಧನ ಏಕೆ ಬೇಕು ಎಂಬುದನ್ನು ತಿಳಿಯಬೇಕಾದರೆ, ಎಂಜಿನ್ನು ಏಕೆ ವಾಲುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಪ್ರತಿಯೊಂದು ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆಯುಂಟು ಎಂದು ಹೈಸ್ಕೂಲಿನಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಎಂಜಿನ್ನು ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಅಷ್ಟೇ ಬಲದಿಂದ ಎಂಜಿನ್ನು ತಾನೇ ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಟಾರ್ಕ್ ಎಂದು ಕರೆಯುವ ಈ ತಿರುಗುಬಲ ಎಷ್ಟು? ಒಂದು ಉದಾಹರಣೆಯ ಲೆಕ್ಕವನ್ನು ಮಾಡೋಣ. ಎಂಜಿನ್ನಿನದು 200 ನ್ಯೂಟನ್-ಮೀಟರ್ ಇರಲಿ. ಮೊದಲನೆಯ ಗೇರಿನಲ್ಲಿ ಅದು ಮೂರೂವರೆ ಪಟ್ಟಾಗುತ್ತದೆ. ಕೊನೆಯ ಗೇರುಜೋಡಿಯಲ್ಲಿ ಮತ್ತೆ ನಾಲ್ಕು ಪಟ್ಟು. ಒಟ್ಟು 2,800 ನ್ಯೂಟನ್-ಮೀಟರ್. ಉದ್ದಕ್ಕೆ ಎಂಜಿನ್ನನ್ನು ಕೂರಿಸಿ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ ಈ ಕೊನೆಯ ಗೇರುಜೋಡಿ ಹಿಂದೆ ಬೇರೆಯಾಗಿ ಇರುವುದರಿಂದ, ಎಂಜಿನ್ನಿನ ಆಧಾರಗಳ ಪಾಲಿಗೆ ಬರುವುದು 700 ಮಾತ್ರ. ಅಡ್ಡಲಾಗಿ ಕುಳಿತ ಎಂಜಿನ್ನಿನಲ್ಲಾದರೊ ಗೇರುಪೆಟ್ಟಿಗೆ, ಕೊನೆಯ ಗೇರುಜೋಡಿ ಎಲ್ಲವೂ ಒಂದೇ ಗಂಟು. ಆದ್ದರಿಂದ 2,800ರ ಪ್ರತಿಕ್ರಿಯೆಯೂ ಅದೇ ಗಂಟಿನ ಆಧಾರಗಳ ಮೇಲೆಯೇ ಬೀಳುತ್ತದೆ. ತಿರುಗುವ ಕೇಂದ್ರದಿಂದ ಅರ್ಧ ಮೀಟರು ದೂರದಲ್ಲಿ ಅದನ್ನು ತಡೆದು ಹಿಡಿಯಬೇಕಾದರೆ ಸುಮಾರು 570 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಹನ್ನೊಂದು ಸಿಮೆಂಟು ಚೀಲಗಳ ಭಾರವನ್ನು ಕ್ಲಚ್ಚು ಬಿಟ್ಟ ಕ್ಷಣದಲ್ಲಿ ಒಮ್ಮೆಗೇ ಹೇರಿದಂತೆ! ಚಿಕ್ಕ ಸ್ಪೋರ್ಟ್ಸ್ ಕಾರುಗಳ ಎಂಜಿನ್ನು ಹೆಚ್ಚಾಗಿ ಕುಣಿಯುವುದರ ಗುಟ್ಟು ಇದು.

ಹಾಗಾದರೆ ಎಂಜಿನ್ನನ್ನು ಕಾರಿನ ಮೈಗೆ ಉಕ್ಕಿನ ಬೋಲ್ಟಿನಿಂದ ಬಿಗಿದುಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಮೋಟಾರು ಯುಗದ ಆರಂಭದಲ್ಲಿ ಎಷ್ಟೋ ಕಾರುಗಳಲ್ಲಿ ಹಾಗೆಯೇ ಬಿಗಿಯುತ್ತಿದ್ದರು. ಕುಳಿತವರ ಹಲ್ಲು ಕಟಕಟಿಸುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನ ಒಂದು ಏರ್ಪಾಡನ್ನು ತಂದಿತು. ಎಂಜಿನ್ನಿನ ಮುಂದೆ ಮೇಲುಗಡೆ ಒಂದು, ಹಿಂದೆ ಕೆಳಗಡೆ ಒಂದು ರಬ್ಬರಿನ ಆಧಾರವಿಟ್ಟು, ಅವೆರಡನ್ನೂ ಸೇರಿಸುವ ರೇಖೆ ಎಂಜಿನ್ನಿನ ಗುರುತ್ವಕೇಂದ್ರದ ಮೂಲಕ ಹಾಯುವಂತೆ ಮಾಡಿದರು. ಎಂಜಿನ್ನು ತನ್ನ ಸ್ವಾಭಾವಿಕ ಅಚ್ಚಿನ ಸುತ್ತ ತೂಗುಯ್ಯಾಲೆಯಂತೆ ಓಲಾಡಿತು. ಕುಳಿತವರು ನೆಮ್ಮದಿಯಾಗಿ ಕುಳಿತರು. ನಾಲ್ಕು ಸಿಲಿಂಡರಿನ ಕಾರಿಗೆ ಎಂಟು ಸಿಲಿಂಡರಿನ ನಯ ಬಂದಿತೆಂದು ಜಾಹೀರಾತುಗಳು ಸಾರಿದವು. ಮರುವರ್ಷ ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ ಇದರ ಹಕ್ಕನ್ನು ಪಡೆದು, ನೀರಿನ ಮೇಲೆ ತೇಲುವ ಹಂಸವನ್ನೇ ತನ್ನ ಕಾರಿನ ಲಾಂಛನದಲ್ಲಿ ಸೇರಿಸಿಕೊಂಡಿತು. ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಎಂಜಿನ್ನಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟ ಅದೇ ಏರ್ಪಾಡಿನಲ್ಲಿ, ಓಲಾಟ ಮಿತಿಮೀರದಂತೆ ಪಕ್ಕದಲ್ಲಿ ಒಂದು ಪಟ್ಟಿ ಸ್ಪ್ರಿಂಗನ್ನೂ ಇಟ್ಟಿದ್ದರು. ಸ್ವಾತಂತ್ರ್ಯವೂ ಬೇಕು, ಅದಕ್ಕೊಂದು ಎಲ್ಲೆಯೂ ಬೇಕು ಎಂಬುದನ್ನು ಅವರು ಮೊದಲ ದಿನವೇ ಕಂಡುಕೊಂಡಿದ್ದರು.

ಎಲ್ಲೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಮಿನಿ ಕಾರು ಒಳ್ಳೆಯ ನಿದರ್ಶನ. ಅಲೆಕ್ ಇಸಿಗೊನಿಸ್ ಎಂಬ ಶಿಲ್ಪಿ 1959ರಲ್ಲಿ ಲೋಕಕ್ಕೆ ಕೊಟ್ಟ ಈ ಪುಟ್ಟ ಕಾರಿನಲ್ಲಿ ಎಂಜಿನ್ನು ಅಡ್ಡಲಾಗಿ ಕುಳಿತಿತು. ಗೇರುಪೆಟ್ಟಿಗೆ ಅದರ ಹೊಟ್ಟೆಯ ಕೆಳಗೇ ಸೇರಿತು. 1961ರಲ್ಲಿ ಅದರ ‘ಕೂಪರ್’ ಎಂಬ ವೇಗದ ರೂಪ ಬಂದಿತು. 1964ರಲ್ಲಿ ಅದರ ಇನ್ನೂ ಬಲವಾದ ‘ಕೂಪರ್ ಎಸ್’ ರೂಪ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಗೆದ್ದು ದೊಡ್ಡ ದೊಡ್ಡ ಕಾರುಗಳ ಗರ್ವವನ್ನು ಮುರಿಯಿತು. ಇದರ ಎಂಜಿನ್ನಿನ ತಲೆಯ ಬಳಿಯಿಂದ ಹಿಂದಿನ ಲೋಹದ ಗೋಡೆಗೆ ಗೇಣುದ್ದದ ಒಂದು ಕಡ್ಡಿ. ಅದರ ಎರಡು ತುದಿಗೂ ರಬ್ಬರಿನ ಬುಷ್ಷು. ಎಂಜಿನ್ನು ಹಿಂದುಮುಂದಕ್ಕೆ ವಾಲದಂತೆ ಹಿಡಿಯುವ ಭಾರವೆಲ್ಲ ಬಹುಮಟ್ಟಿಗೆ ಆ ಕಡ್ಡಿಯದೇ. ಅಗ್ಗದ ಆ ಬುಷ್ಷು ಸವೆದರೆ ಕ್ಲಚ್ಚು ಬಿಟ್ಟಾಗ ಕಾರು ಮುಗ್ಗರಿಸುತ್ತದೆ. ಎಂಜಿನ್ನು ಓಲಾಡಿ ಓಲಾಡಿ ಕೊನೆಗೆ ಹೊಗೆಕೊಳವೆಯ ಕೀಲು ಬಿರುಕು ಬಿಡುತ್ತದೆ. ಕೊಳವೆಯನ್ನು ಎಷ್ಟು ಸಲ ಬೆಸುಗೆ ಹಾಕಿಸಿದರೂ ಬುಷ್ಷು ಬದಲಾಯಿಸದ ಹೊರತು ಅದು ನಿಲ್ಲುವುದಿಲ್ಲ. ಮಿನಿ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ವಿಷಯ.

ಓಲಾಟವನ್ನು ತಗ್ಗಿಸಲು ಇಂದು ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಮದ್ದುಗಳಿವೆ. ಒಂದು, ಮೆತ್ತನೆಯ ರಬ್ಬರನ್ನು ತೆಗೆದು ಗಟ್ಟಿಯಾದ ಪಾಲಿಯುರಿಥೇನ್ ಬುಷ್ಷನ್ನೊ, ಪಂದ್ಯದ ಕಾರುಗಳಿಗಾದರೆ ಇಡಿಯ ಲೋಹದ ತುಂಡನ್ನೊ ಹಾಕುವುದು. ಇನ್ನೊಂದು, ಇದ್ದ ರಬ್ಬರನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಡ್ಯಾಂಪರನ್ನು ಸೇರಿಸುವುದು. ಮೊದಲನೆಯದನ್ನು ಸಂಕೋಲೆ ಎಂದೂ ಎರಡನೆಯದನ್ನು ಕಡಿವಾಣ ಎಂದೂ ಕರೆಯಲು ನಾನು ಇಷ್ಟಪಡುತ್ತೇನೆ. ಸಂಕೋಲೆ ಚಲನೆಯನ್ನೇ ತಡೆಯುತ್ತದೆ. ಕಡಿವಾಣ ಚಲನೆಯ ವೇಗವನ್ನು ಹಿಡಿತದಲ್ಲಿಡುತ್ತದೆ.

ಡ್ಯಾಂಪರಿನ ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಸಣ್ಣ ರಂಧ್ರಗಳುಳ್ಳ ಒಂದು ಕೊಂತ. ಕೊಂತ ಸರಿಯಬೇಕಾದರೆ ಎಣ್ಣೆ ಆ ರಂಧ್ರಗಳಲ್ಲಿ ತೂರಿಹೋಗಬೇಕು. ನಮ್ಮ ಮನೆಗಳಲ್ಲಿ ಮಜ್ಜಿಗೆ ಕಡೆಯುವವರನ್ನು ಕೇಳಿ ನೋಡಿ. ಕಡೆಗೋಲನ್ನು ಮೆಲ್ಲಗೆ ಆಡಿಸಿದರೆ ಮೊಸರು ಏನೂ ಅಡ್ಡಿಮಾಡದು. ರಭಸದಿಂದ ಎಳೆದರೆ ತೋಳು ನೋಯುವಷ್ಟು ತಡೆಯುತ್ತದೆ. ಡ್ಯಾಂಪರಿನ ಸ್ವಭಾವವೂ ಅದೇ. ನಿಧಾನವಾಗಿ ಬಂದವನಿಗೆ ದಾರಿ ಬಿಡುತ್ತದೆ. ನುಗ್ಗಿ ಬಂದವನನ್ನು ಎದೆಗೊಟ್ಟು ತಡೆಯುತ್ತದೆ. ಚಕ್ರಗಳ ಬಳಿ ಇರುವ ಶಾಕ್ ಅಬ್ಸಾರ್ಬರಿನ ತಮ್ಮ ಇದು ಎಂದರೆ ಸಾಕು.

ಈ ಎರಡು ಮದ್ದುಗಳ ಅಂತರವನ್ನು ಅಂಕಿಗಳಲ್ಲಿ ಕಾಣಿಸಬಹುದು. ನಾಲ್ಕು ಸಿಲಿಂಡರಿನ ಎಂಜಿನ್ನು ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ನಿಂತ ಕಾರಿನಲ್ಲಿ ನಿಮಿಷಕ್ಕೆ 800 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 27 ಸಿಡಿತ. ರಬ್ಬರಿನ ಮೇಲೆ ಕುಳಿತ ಎಂಜಿನ್ನಿನ ಸ್ವಂತ ಓಲಾಟ ಸೆಕೆಂಡಿಗೆ 10 ಇದೆಯೆಂದು ಇಟ್ಟುಕೊಳ್ಳೋಣ. ಕಂಪನಶಾಸ್ತ್ರದ ಪಠ್ಯಪುಸ್ತಕಗಳಲ್ಲಿರುವ ಸರಳ ಸೂತ್ರದಂತೆ ಲೆಕ್ಕ ಹಾಕಿದರೆ, ಎಂಜಿನ್ನಿನಲ್ಲಿ ಹುಟ್ಟಿದ ನಡುಕದಲ್ಲಿ 100ಕ್ಕೆ ಸುಮಾರು 17 ಪಾಲು ಮಾತ್ರ ಕಾರಿನ ಮೈಗೆ ದಾಟುತ್ತದೆ. ಸಾಧಾರಣ ಬಲದ ಒಂದು ಡ್ಯಾಂಪರನ್ನು ಸೇರಿಸಿದರೆ ಅದು ಸುಮಾರು 30 ಆಗುತ್ತದೆ. ರಬ್ಬರಿನ ಬದಲು ನಾಲ್ಕು ಪಟ್ಟು ಗಡುಸಾದ ಬುಷ್ಷನ್ನು ಹಾಕಿದರೆ ಸ್ವಂತ ಓಲಾಟ ಸೆಕೆಂಡಿಗೆ 20ಕ್ಕೆ ಏರಿ, ದಾಟುವ ನಡುಕ ಸುಮಾರು 128 ಪಾಲಾಗುತ್ತದೆ! ಹುಟ್ಟಿದ್ದಕ್ಕಿಂತ ಹೆಚ್ಚು ನಡುಕ ಕುಳಿತವರಿಗೆ ತಲುಪುತ್ತದೆ ಎಂದರ್ಥ.

ಈ ಲೆಕ್ಕದಲ್ಲಿ ಡ್ಯಾಂಪರೂ ಶುದ್ಧ ಲಾಭವಲ್ಲ ಎಂಬುದನ್ನು ಮರೆಮಾಚಬಾರದು. 17 ಇದ್ದದ್ದು 30 ಆಯಿತಷ್ಟೆ. ಆದರೆ ಅದಕ್ಕೆ ಪ್ರತಿಯಾಗಿ ದೊರೆಯುವುದೇನು? ಒಮ್ಮೆ ಜಗ್ಗಿ ಬಿಟ್ಟ ಎಂಜಿನ್ನು ಬರಿಯ ರಬ್ಬರಿನ ಮೇಲೆ ಒಂದು ಓಲಾಟ ಮುಗಿಸಿದಾಗ ಅದರ ವಿಸ್ತಾರ ನೂರಕ್ಕೆ 73ರಷ್ಟು ಉಳಿದಿರುತ್ತದೆ. ಡ್ಯಾಂಪರಿದ್ದರೆ ಅದೇ ಒಂದು ಓಲಾಟದಲ್ಲಿ 14ಕ್ಕೆ ಇಳಿದುಬಿಡುತ್ತದೆ. ಗೇರು ಬದಲಿಸುವಾಗಿನ ಮುಗ್ಗರಿಕೆ, ಚಕ್ರ ನೆಲದ ಮೇಲೆ ಪುಟಿಪುಟಿದು ಹಿಡಿತ ಕಳೆದುಕೊಳ್ಳುವ ಕಾಟ, ಇವು ಕಡಮೆಯಾಗುವುದು ಇದರಿಂದಲೇ. ಒಂದಿಷ್ಟು ನಯವನ್ನು ಬಿಟ್ಟುಕೊಟ್ಟು ಒಂದಿಷ್ಟು ಹಿಡಿತವನ್ನು ಕೊಳ್ಳುವ ವ್ಯಾಪಾರವಿದು. ಎಂಜಿನ್ನಿನ ಶಕ್ತಿ ಮಾತ್ರ ಒಂದು ಅಶ್ವಶಕ್ತಿಯಷ್ಟೂ ಹೆಚ್ಚುವುದಿಲ್ಲ. ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬತಕ್ಕದ್ದಲ್ಲ.

ಇನ್ನು ನಮ್ಮ ಕಥೆಗೆ ಬರೋಣ. ಊರಿನಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿಯಿದ್ದಾರೆ. ಅವರ ಗ್ಯಾರೇಜಿಗೆ ಕಾರನ್ನು ಒಯ್ದೆವು. ಅವರು ಡ್ಯಾಂಪರನ್ನು ಕೈಯಲ್ಲಿ ಹಿಡಿದು ಎರಡು ಸಲ ಜಗ್ಗಿ ನೋಡಿ, ಕಾರಿನ ಅಡಿಗೆ ಬಗ್ಗುತ್ತ ಹೇಳಿದರು: “ಸಾರ್, ಮೊದ್ಲು ಕೆಳಗಿನ ಫೌಂಡೇಶನ್ ನೋಡ್ಬಿಡೋಣ. ಇದನ್ನ ಹಾಕೋದು ಎಷ್ಟು ಹೊತ್ತಿನ ಕೆಲ್ಸ?” ಎಂಜಿನ್ನು ಕುಳಿತುಕೊಳ್ಳುವ ರಬ್ಬರಿನ ಆಧಾರಕ್ಕೆ ನಮ್ಮ ಗ್ಯಾರೇಜುಗಳಲ್ಲಿ ‘ಫೌಂಡೇಶನ್’ ಎಂದೇ ಹೆಸರು, ಎಷ್ಟು ಅರ್ಥವತ್ತಾದ ಹೆಸರು ಎಂಬುದು ನನಗೆ ಆಮೇಲೆ ತಿಳಿಯಿತು. ಭಾವನಿಗೆ ಮರುದಿನವೇ ಊರು ಬಿಡುವ ಆತುರ. ಡ್ಯಾಂಪರಿನ ಜೊತೆಯಲ್ಲಿ ಬಂದ ಕಾಗದವನ್ನು ಓದಿ ಹೇಳುವ ಕೆಲಸ ನನ್ನದು. ನಾನು ಅದನ್ನು ಎರಡು ಸಲ ಓದಿ, ಕಾಲೇಜು ಓದಿದವನ ಠೀವಿಯಿಂದ, “ಇದರಲ್ಲಿ ಫೌಂಡೇಶನ್ ನೋಡಬೇಕು ಅಂತ ಎಲ್ಲೂ ಬರೆದಿಲ್ಲ” ಎಂದುಬಿಟ್ಟೆ. ಮೇಸ್ತ್ರಿ ನನ್ನ ಮುಖ ನೋಡಿದರು. “ಬರೆದಿಲ್ವಾ? ಸರಿ ಬಿಡಪ್ಪ” ಎಂದು ಸ್ಪ್ಯಾನರು ಕೈಗೆತ್ತಿಕೊಂಡರು.

ಜೋಡಿಸುವ ಕೆಲಸವನ್ನು ಅವರು ಮಾಡಿದ ಕ್ರಮ ಮಾತ್ರ ನೋಡತಕ್ಕದ್ದಾಗಿತ್ತು. ಬ್ಯಾಟರಿಯ ತಂತಿಯನ್ನು ಬಿಚ್ಚಿ, ಎಂಜಿನ್ನು ಪೂರ್ತಿ ಆರುವ ತನಕ ಕಾದರು. ಡ್ಯಾಂಪರಿನ ಒಂದು ತುದಿಯನ್ನು ಎಂಜಿನ್ನಿನ ಮೇಲ್ಭಾಗದ ಆಧಾರದ ಬೋಲ್ಟಿಗೆ, ಇನ್ನೊಂದನ್ನು ಮುಂದಿನ ಶಾಕ್ ಅಬ್ಸಾರ್ಬರಿನ ತಲೆ ಕೂರುವ ದಪ್ಪ ತಗಡಿಗೆ ಬಿಗಿದರು. ತೆಳು ತಗಡಿಗೆ ರಂಧ್ರ ಕೊರೆದು ಸಿಕ್ಕಿಸುವುದು ಮೂರೇ ದಿನದ ಸಂಪತ್ತು ಎಂದರು. ಎಂಜಿನ್ನು ವಾಲುವ ದಿಕ್ಕಿಗೆ ಡ್ಯಾಂಪರು ನೇರವಾಗಿರಬೇಕು; ಅಡ್ಡಲಾಗಿದ್ದರೆ ಅದರ ಬಲ ವ್ಯರ್ಥ. ಎಂಜಿನ್ನು ಸುಮ್ಮನಿರುವಾಗ ಕೊಂತ ಕೊಳವೆಯ ನಡುಮಧ್ಯದಲ್ಲಿರಬೇಕು. ಆಗ ಮುಂದಕ್ಕೂ ಹಿಂದಕ್ಕೂ ಸಮನಾದ ಎಡೆ ಸಿಗುತ್ತದೆ. ಅನಿಲ ತುಂಬಿದ ಡ್ಯಾಂಪರು ಸದಾ ಹೊರಕ್ಕೆ ತಳ್ಳುತ್ತಿರುವುದರಿಂದ, ಅದನ್ನು ಒತ್ತಾಯದಿಂದ ಕುಗ್ಗಿಸಿ ಕೂರಿಸಿದರೆ ಎಂಜಿನ್ನು ಹೊತ್ತುಗೊತ್ತಿಲ್ಲದೆ ಒಂದೇ ಕಡೆಗೆ ವಾಲಿಕೊಂಡಿರುತ್ತದೆ. ಎರಡು ಗುಂಡುಕೀಲುಗಳೂ ಬೆರಳಿನಿಂದ ಅಲುಗಾಡಿಸಿದರೆ ಅಲುಗಬೇಕು. ನೀರಿನ ರಬ್ಬರುಕೊಳವೆ, ವಿದ್ಯುತ್ತಂತಿ, ಬಾನೆಟ್ಟಿನ ಒಳಮೈ, ಯಾವುದಕ್ಕೂ ಅದು ತಾಗಬಾರದು. ಬೋಲ್ಟುಗಳನ್ನು ಕೈಬಲದ ಅಂದಾಜಿನಿಂದ ಬಿಗಿಯದೆ, ಅಳತೆಯ ಸ್ಪ್ಯಾನರಿನಿಂದ ಕಾಗದದಲ್ಲಿ ಹೇಳಿದ ಮಟ್ಟಕ್ಕೆ ಬಿಗಿದರು. ಐನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಬಿಗಿತ ನೋಡಿಸಬೇಕೆಂದು ಎಚ್ಚರಿಸಿದರು.

ಸಂಜೆ ಊರ ಹೊರಗಿನ ರಸ್ತೆಯಲ್ಲಿ ಕಾರನ್ನು ಓಡಿಸಿದೆವು. ನಿಜವಾಗಿಯೂ ಬೇರೆ ಕಾರಿನಲ್ಲಿ ಕುಳಿತಂತಾಯಿತು. ‘ಧಡ್’ ಎಂಬ ಸದ್ದು ಇಲ್ಲ. ಗೇರು ಬೆಣ್ಣೆಯಲ್ಲಿ ಕತ್ತಿ ಆಡಿಸಿದಂತೆ ಬೀಳುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಸ್ಟೀರಿಂಗಿನಲ್ಲಿ ದುಂಬಿ ಗುಂಯ್‌ಗುಟ್ಟಿದಂತೆ ಒಂದು ಸಣ್ಣ ನಡುಕ. ಹಿಂದಿನದನ್ನು ತೋರಿಸುವ ಕನ್ನಡಿಯಲ್ಲಿ ಹಿಂದಿದ್ದ ಆಟೋರಿಕ್ಷಾ ಎರಡಾಗಿ ಕಾಣುತ್ತಿತ್ತು. ಮೇಲೆ ಹೇಳಿದ 17ಕ್ಕೂ 30ಕ್ಕೂ ಇರುವ ವ್ಯತ್ಯಾಸ ಅದು. “ಏನಯ್ಯಾ, ಹೇಗಿದೆ?” ಎಂದು ಭಾವ ಹೆಮ್ಮೆಯಿಂದ ಕೇಳಿದರು. ನಾನೂ ಹೆಮ್ಮೆಯಿಂದಲೇ ತಲೆಯಾಡಿಸಿದೆ.

ಈ ಹೆಮ್ಮೆ ಸಂಕ್ರಾಂತಿಯವರೆಗೂ ಉಳಿಯಲಿಲ್ಲ. ಜನವರಿಯ ಮೊದಲ ವಾರ ಅವರು ಘಟ್ಟ ಹತ್ತುತ್ತಿದ್ದಾಗ, ಒಂದು ತಿರುವಿನಲ್ಲಿ ಎರಡನೆಯ ಗೇರಿಗೆ ಹಾಕಿ ಒತ್ತಿದೊಡನೆ ಮುಂಭಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದ ಶಬ್ದವಾಯಿತು. ಗೇರು ತಾನಾಗಿ ಹೊರಬಿದ್ದಿತು. ಏರಿನಲ್ಲಿ ಕಾರು ನಿಂತುಬಿಟ್ಟಿತು. ಹಿಂದೆ ಒಂದು ತುಂಬಿದ ಲಾರಿ. ಅದರ ಚಾಲಕ ಎಚ್ಚರಿಕೆಯವನಾದ್ದರಿಂದ ಅನಾಹುತ ತಪ್ಪಿತು. ಕಾರನ್ನು ಎಳೆಸಿಕೊಂಡು ಬಂದು ಅದೇ ಗ್ಯಾರೇಜಿನಲ್ಲಿ ಬಿಟ್ಟೆವು.

ಮೇಸ್ತ್ರಿ ಕೆಳಗಿನ ಫೌಂಡೇಶನ್ನನ್ನು ಬಿಚ್ಚಿ ನಮ್ಮ ಮುಂದೆ ಇಟ್ಟರು. ರಬ್ಬರು ಪೂರ್ತಿ ಹರಿದು, ಒಳಗಿನ ಉಕ್ಕಿನ ಬಳೆ ಕೈಯಲ್ಲಿ ಗಿರಗಿರನೆ ತಿರುಗುತ್ತಿತ್ತು. ಹರಿದ ಬಾಯಿಯಲ್ಲಿ ಹಳೆಯ ಧೂಳು ಎಣ್ಣೆ ಗಟ್ಟಿಯಾಗಿ ಕುಳಿತಿತ್ತು. ದಸರೆಯ ಹೊತ್ತಿಗೇ ಅದು ಹರಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡವಾಗಿತ್ತು. ಡ್ಯಾಂಪರಿನಿಂದ ಎಣ್ಣೆ ಸೋರಿ ಅದರ ನೀಲಿ ಬಣ್ಣ ಮಸಿಯಾಗಿತ್ತು. ಅದನ್ನು ಹಿಡಿದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅವರು ಬೈಯಲಿಲ್ಲ. ನನ್ನ ಕಡೆ ತಿರುಗಿ, “ಇದು ಕಂಬ ಅಲ್ಲಪ್ಪ, ತಡಿಯೋ ಕೈ ಅಷ್ಟೆ. ಕಂಬ ಬಿದ್ದುಹೋದ್ಮೇಲೆ ಕೈ ಎಷ್ಟು ಹೊತ್ತು ಹೊತ್ಕೊಂಡಿರುತ್ತೆ?” ಎಂದರು.

ಇದಕ್ಕಿಂತ ಚೆನ್ನಾಗಿ ಆ ತತ್ತ್ವವನ್ನು ಹೇಳಲು ನನಗೆ ಬಾರದು. ಡ್ಯಾಂಪರು ವೇಗವನ್ನು ತಡೆಯುತ್ತದೆಯೇ ಹೊರತು ನಿಂತ ಭಾರವನ್ನು ಹೊರುವುದಿಲ್ಲ. ಕ್ಷಣಕಾಲದ ಜಗ್ಗಾಟವನ್ನು ಅದು ಚೆನ್ನಾಗಿ ಅಡಗಿಸುತ್ತದೆ. ಆದ್ದರಿಂದಲೇ ಊರ ರಸ್ತೆಯಲ್ಲಿ ನಮಗೆ ರೋಗ ವಾಸಿಯಾದಂತೆ ಕಂಡಿತು. ಘಟ್ಟದ ಏರಿನಲ್ಲಿ ಎಂಜಿನ್ನು ಒಂದೇ ಸಮನೆ ಎಳೆಯುತ್ತಿರುವಾಗ ಎಣ್ಣೆ ರಂಧ್ರದಿಂದ ಮೆಲ್ಲಗೆ ಸರಿದು, ಕೊಂತ ಕೊಳವೆಯ ಕೊನೆಯನ್ನು ಮುಟ್ಟಿತು. ಅಲ್ಲಿಂದ ಮುಂದೆ ಅದು ಡ್ಯಾಂಪರಾಗಿ ಉಳಿಯದೆ ಬರಿಯ ಕಬ್ಬಿಣದ ಕಡ್ಡಿಯಾಯಿತು. ಫೌಂಡೇಶನ್ ಹೊರಬೇಕಾದ ಭಾರವೆಲ್ಲ ಅದರ ಮೇಲೆ ಬಿದ್ದಿತು. ಎಂಜಿನ್ನು ವಾಲಿದ ರಭಸಕ್ಕೆ ಗೇರಿನ ಕೀಲು ಜಗ್ಗಿ ಗೇರು ಹೊರಬಿದ್ದಿತು. ನಾವು ಮೂರು ತಿಂಗಳ ಕಾಲ ರೋಗದ ಸದ್ದನ್ನು ಅಡಗಿಸಿ ರೋಗವನ್ನು ಬೆಳೆಯಗೊಟ್ಟಿದ್ದೆವು.

ಹೊಸ ಫೌಂಡೇಶನ್ ಹಾಕಿದ ಮೇಲೆ, ಡ್ಯಾಂಪರಿಲ್ಲದೆಯೇ ಕಾರನ್ನು ಓಡಿಸಿ ನೋಡಿದೆವು. ಆ ‘ಧಡ್’ ಎಂಬ ಸದ್ದು ಮುಕ್ಕಾಲು ಪಾಲು ಹೋಗಿತ್ತು! ಅದಕ್ಕೆ ತಗುಲಿದ ವೆಚ್ಚ ಡ್ಯಾಂಪರಿನ ಬೆಲೆಗಿಂತ ಕಡಮೆ. ಉಳಿದ ಕಾಲು ಭಾಗಕ್ಕಾಗಿ ಭಾವ ಬೇರೊಂದು ಡ್ಯಾಂಪರನ್ನು ತರಿಸಿ, ಈ ಸಲ ಮೇಸ್ತ್ರಿ ಹೇಳಿದಂತೆಯೇ ಹಾಕಿಸಿಕೊಂಡರು. ಈಗ ಅದು ತನ್ನ ಕೆಲಸವನ್ನು ತಾನು ಮಾಡಿಕೊಂಡಿದೆ.

ಈ ಅನುಭವವನ್ನು ಕೇಳಿದ ಕೆಲವು ಮಿತ್ರರು, “ಕಾರ್ಖಾನೆಯವರಿಗಿಂತ ನಾವು ಬುದ್ಧಿವಂತರೆ? ಇಂಥ ಉಪದ್ವ್ಯಾಪವೇ ಬೇಡ” ಎಂದರು. ಅವರ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಆದರೂ ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಕಾರ್ಖಾನೆಯವರು ಸಾವಿರಾರು ಜನರಿಗಾಗಿ ಒಂದೇ ಅಂಗಿಯನ್ನು ಹೊಲಿಯುತ್ತಾರೆ. ಅವರಿಗೆ ಅಜ್ಜಿಯ ನೆಮ್ಮದಿಯೂ ಬೇಕು, ಮೊಮ್ಮಗನ ವೇಗವೂ ಬೇಕು. ಈ ಎರಡನ್ನೂ ಸರಿದೂಗಿಸಲು ಅವರೇ ಪಡುವ ಪಾಡು ಕಡಮೆಯದಲ್ಲ. ಇಂದಿನ ಅನೇಕ ಕಾರುಗಳ ಫೌಂಡೇಶನ್ ರಬ್ಬರಿನ ಹೊಟ್ಟೆಯಲ್ಲಿಯೇ ದ್ರವ ತುಂಬಿಸಿ, ಅಲ್ಲೊಂದು ಪುಟ್ಟ ಡ್ಯಾಂಪರನ್ನು ಅಡಗಿಸಿಟ್ಟಿರುತ್ತಾರೆ. ಜರ್ಮನಿಯ ಪೋರ್ಷೆ ಸಂಸ್ಥೆ 2009ರ 911 ಜಿಟಿ3 ಕಾರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಫೌಂಡೇಶನ್ನಿನ ಒಳಗಿನ ದ್ರವದಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿರುತ್ತವೆ. ವಿದ್ಯುತ್ತಿನಿಂದ ಕಾಂತಕ್ಷೇತ್ರವನ್ನು ಹಬ್ಬಿಸಿದೊಡನೆ ದ್ರವ ಗಟ್ಟಿಯಾಗುತ್ತದೆ. ಸಾವಧಾನವಾಗಿ ಹೋಗುವಾಗ ಮೆತ್ತಗೆ, ಪಂದ್ಯದ ವೇಗದಲ್ಲಿ ತಿರುಗುವಾಗ ಗಟ್ಟಿ. ಕಾರ್ಖಾನೆಯವರೇ ಹೀಗೆ ಕಡಿವಾಣವನ್ನು ಹುಡುಕುತ್ತಿರುವಾಗ, ಹಳೆಯ ಕಾರಿನವನೊಬ್ಬ ಅದರ ಬಡ ರೂಪವನ್ನು ಹೊರಗಿನಿಂದ ಸೇರಿಸಿಕೊಂಡರೆ ಅದು ಮಹಾಪರಾಧವಾಗಲಾರದು.

ಇನ್ನು ಕೆಲವರು ಮತ್ತೊಂದು ತುದಿಗೆ ಹೋಗಿ, “ಡ್ಯಾಂಪರು ಗಿಂಪರು ಯಾಕೆ? ಲೋಹದ ಬುಷ್ಷೇ ಹಾಕಿಬಿಡಬೇಕು, ಗಂಡಸಿನ ಕಾರು ಅಂದರೆ ಅದು” ಎನ್ನುತ್ತಾರೆ. ಪಂದ್ಯದ ಕಣದಲ್ಲಿ ಅರ್ಧ ಗಂಟೆ ಓಡುವ ಕಾರಿಗೆ ಅದು ಸರಿಯಿರಬಹುದು. ದಿನವೂ ಕೆಲಸಕ್ಕೆ ಹೋಗುವ ಕಾರಿನಲ್ಲಿ ಆ 128 ಪಾಲಿನ ನಡುಕ ಬೆನ್ನುಹುರಿಗೂ ಡ್ಯಾಶ್‌ಬೋರ್ಡಿನ ತಿರುಪುಗಳಿಗೂ ಹಂಚಿಹೋಗುತ್ತದೆ. ಬಿಗಿತವೇ ಬಲವೆಂದು ತಿಳಿಯುವುದು ಒಂದು ಭ್ರಮೆ. ಗಾಳಿಗೆ ಬಾಗುವ ಬಿದಿರು ಉಳಿದು, ಬಾಗದ ಮರ ಉರುಳುವುದನ್ನು ಮಲೆನಾಡಿನವರು ಪ್ರತಿ ಮಳೆಗಾಲದಲ್ಲಿಯೂ ಕಾಣುತ್ತಾರೆ.

ಕಾನೂನಿನ ಮಾತನ್ನೂ ಎರಡು ವಾಕ್ಯದಲ್ಲಿ ಹೇಳಿಬಿಡುತ್ತೇನೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಒಂದು ಪುಟ್ಟ ಡ್ಯಾಂಪರು ಎಂಜಿನ್ನನ್ನಾಗಲಿ ಕಾರಿನ ಅಳತೆಯನ್ನಾಗಲಿ ಬದಲಿಸುವುದಿಲ್ಲವಾದರೂ, ಏನನ್ನೇ ಹಾಕಿಸುವ ಮೊದಲು ವಿಮೆಯ ಪತ್ರವನ್ನೂ ವಾರಂಟಿಯ ಕರಾರನ್ನೂ ಒಮ್ಮೆ ಓದಿಕೊಳ್ಳುವುದು ಜಾಣತನ.

ಹಾಗಾದರೆ ನನ್ನ ಅಭಿಪ್ರಾಯವೇನು? ಎಂಜಿನ್ ಡ್ಯಾಂಪರು ಒಳ್ಳೆಯ ಸಾಧನ. ಆದರೆ ಅದರ ಸರದಿ ಎರಡನೆಯದು. ಮೊದಲು ಬಾನೆಟ್ಟು ತೆರೆದು, ಕೈಬ್ರೇಕು ಕಾಲುಬ್ರೇಕು ಎರಡನ್ನೂ ಬಲವಾಗಿ ಹಿಡಿದು, ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ತುಸುವೇ ಬಿಡಬೇಕು. ತಿಳಿದವರೊಬ್ಬರು ಕಾರಿನ ಎದುರು ನಿಲ್ಲದೆ ಪಕ್ಕದಲ್ಲಿ ನಿಂತು ಎಂಜಿನ್ನು ಎಷ್ಟು ಏಳುತ್ತದೆಂದು ನೋಡಬೇಕು. ಕಾರಿನಡಿಗೆ ಹೋಗಿ ರಬ್ಬರಿನಲ್ಲಿ ಬಿರುಕುಂಟೆ, ದ್ರವ ಸೋರಿದೆಯೆ ಎಂದು ಪರೀಕ್ಷಿಸಬೇಕು. ಹರಿದಿದ್ದರೆ ಹೊಸದನ್ನು ಹಾಕಿಸಿ, ಆಮೇಲೂ ಕೊರತೆ ಕಂಡರೆ ಡ್ಯಾಂಪರನ್ನು ತರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ಕಡೆಯದಾಗಿ, ನನ್ನಂತೆ ಓದುತ್ತಿರುವ ಸಹಪಾಠಿಗಳಿಗೆ ಒಂದು ಮಾತು. ಆ ದಿನ ನನ್ನ ಕೈಯಲ್ಲಿದ್ದದ್ದು ಅಚ್ಚಾದ ಕಾಗದ. ಮೇಸ್ತ್ರಿಯ ಕೈಯಲ್ಲಿದ್ದದ್ದು ನಲವತ್ತು ವರ್ಷದ ಅನುಭವ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲವೆಂದು ನಾನು ತಿಳಿದೆ. ಘಟ್ಟದ ಆ ತಿರುವಿನಲ್ಲಿ ಲಾರಿಯ ಬ್ರೇಕು ಒಂದು ಗಳಿಗೆ ತಡವಾಗಿ ಹಿಡಿದಿದ್ದರೆ, ನನ್ನ ಆ ಒಂದು ವಾಕ್ಯದ ಬೆಲೆ ಎಷ್ಟಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಳೆದ ತಿಂಗಳು ಭಾವ ಊರಿಗೆ ಬಂದಾಗ ಐನೂರು ಕಿಲೋಮೀಟರಿನ ಬಿಗಿತ ನೋಡಿಸಲು ಮತ್ತೆ ಗ್ಯಾರೇಜಿಗೆ ಹೋಗಿದ್ದೆವು. ಮೇಸ್ತ್ರಿ ಕಾರಿನಡಿಗೆ ತೂರಿಕೊಳ್ಳುತ್ತ, “ಏನಪ್ಪಾ, ಇವತ್ತು ಕಾಗದ ತಂದಿಲ್ವಾ?” ಎಂದು ನಕ್ಕರು. ನಾನು ಟಾರ್ಚು ಹಿಡಿದು ಅವರ ಪಕ್ಕದಲ್ಲಿ ಮಂಡಿಯೂರಿದೆ.